ದೊಡ್ಡ ಟೈರು, ಎತ್ತರಿಸಿದ ಗಾಡಿ: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ನನ್ನ ಮಾರುತಿ ಜಿಮ್ನಿಗೆ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದೇನೆ. ಈಗ 235/75 ಆರ್15 ಟೈರು ಹಾಕಿಸಬೇಕು. ‘ಲಿಫ್ಟ್ ಆಗಿದೆಯಲ್ಲ, ಆರಾಮಾಗಿ ಕೂರುತ್ತೆ’ ಅಂತಾರೆ ಅಂಗಡಿಯವರು. ಕಂಪನಿ ಕೊಟ್ಟ ಡಿಸ್ಕಿಗೇ (ರಿಮ್ಮಿಗೇ) ಹಾಕಬಹುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅಂಗಡಿ ಮುಂದೆ ನಿಂತಾಗ ಕೂರುತ್ತದೆ, ಅದರಲ್ಲಿ ಸುಳ್ಳಿಲ್ಲ. ತೋಟದ ರಸ್ತೆಯಲ್ಲಿ ಒಂದು ಚಕ್ರ ಬಂಡೆ ಹತ್ತಿ, ಸ್ಟೇರಿಂಗ್ ಒಂದು ಬದಿಗೆ ಪೂರ್ತಿ ತಿರುಗಿದಾಗ ಕೂರುತ್ತದೆಯೇ ಅನ್ನುವುದು ಬೇರೆ ಮಾತು. ಲಿಫ್ಟ್ ಕಿಟ್ ಗಾಡಿಯನ್ನು ಎತ್ತುವುದು ಅದು ನಿಂತಿರುವಾಗ. ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಆಕ್ಸಲ್ ಹೋಗಿ ತಾಗುವುದು ಬಂಪ್ ಸ್ಟಾಪ್ ರಬ್ಬರಿಗೆ. ಆ ರಬ್ಬರ್ ಹಳೇ ಜಾಗದಲ್ಲೇ ಇದ್ದರೆ, ಟೈರು ಮಡ್‌ಗಾರ್ಡ್ ಒಳಗೆ ಮೊದಲು ಎಷ್ಟು ಮೇಲೆ ಹೋಗುತ್ತಿತ್ತೋ ಈಗಲೂ ಅಷ್ಟೇ ಮೇಲೆ ಹೋಗುತ್ತದೆ. ಟೈರು ಮಾತ್ರ ಈಗ ದೊಡ್ಡದು. ಆದ್ದರಿಂದ ಕಿಟ್‌ನಲ್ಲಿ ಬಂಪ್ ಸ್ಟಾಪ್ ಎಕ್ಸ್‌ಟೆನ್ಷನ್ ಇತ್ತೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಟೈರಿಗಿಂತ ಮುಂಚೆ ಅದನ್ನು ಹಾಕಿಸಿ.

ಈಗ ಲೆಕ್ಕ. 235/75 ಆರ್15 ಅಂದರೆ ಟೈರಿನ ಅಗಲ 235 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 75, ಡಿಸ್ಕ್ 15 ಇಂಚು. ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್15, ವ್ಯಾಸ 693 ಮಿ.ಮೀ. ನೀವು ಕೇಳುವ 235/75 ಆರ್15 ವ್ಯಾಸ 733.5 ಮಿ.ಮೀ. ವ್ಯಾಸದಲ್ಲಿ 40 ಹೆಚ್ಚಿದರೆ ಆಕ್ಸಲ್ ಕೆಳಗೆ ಸಿಗುವುದು ಅದರ ಅರ್ಧ, 20 ಮಿ.ಮೀ. ಆಕ್ಸಲ್ ನಡುವಿನ ಗುಂಡನೆಯ ಹೌಸಿಂಗನ್ನು ಕಲ್ಲಿನಿಂದ ಮೇಲೆತ್ತುವುದು ಈ 20 ಮಿ.ಮೀ. ಮಾತ್ರ. ಲಿಫ್ಟ್ ಕಿಟ್ ಬಾಡಿಯನ್ನು ಎತ್ತಿತು, ಆಕ್ಸಲನ್ನು ಒಂದು ಕೂದಲೆಳೆಯಷ್ಟೂ ಎತ್ತಲಿಲ್ಲ.

ಹಳೇ ಡಿಸ್ಕಿನ ವಿಷಯ. ಅದರ ಅಗಲ 5.5 ಇಂಚು, ಆಫ್‌ಸೆಟ್ +5 (ಡಿಸ್ಕಿನ ಅಗಲದ ನಡುಗೆರೆ, ಅದು ಬಿಗಿಯುವ ಹಬ್ ಮುಖಕ್ಕಿಂತ 5 ಮಿ.ಮೀ. ಒಳಗೆ; ಮೈನಸ್ ಇದ್ದರೆ ಹೊರಗೆ). 235/75 ಟೈರಿಗೆ ಕನಿಷ್ಠ 6 ಇಂಚು ಅಗಲದ ಡಿಸ್ಕ್ ಬೇಕು, 6.5 ಸರಿಯಾದದ್ದು. 5.5ರ ಮೇಲೂ ಏರಿಸಿ ಕೊಡುವವರಿದ್ದಾರೆ. ಆದರೆ ಟೈರಿನ ನಡು ಉಬ್ಬಿ ಮಧ್ಯದಲ್ಲೇ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ. ಇನ್ನೂ ದೊಡ್ಡ ತೊಂದರೆ ಒಳಬದಿಯದು. ಹಳೇ ಟೈರಿನ ಒಳ ಅಂಚು ಹಬ್ ಮುಖದಿಂದ 102.5 ಮಿ.ಮೀ. ಒಳಗಿತ್ತು (195ರ ಅರ್ಧ 97.5, ಜೊತೆಗೆ ಆಫ್‌ಸೆಟ್ 5). ಅದೇ ಡಿಸ್ಕಿಗೆ 235 ಹಾಕಿದರೆ ಅದು 122.5 ಆಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು, ಆಕ್ಸಲನ್ನು ಚಾಸಿಗೆ ಹಿಡಿದಿರುವ ಮುಂದಿನ ರೇಡಿಯಸ್ ಆರ್ಮ್‌ಗೆ ಉಜ್ಜುವುದು ಈ 20 ಮಿ.ಮೀ. ಕಾರಣಕ್ಕೆ. ಆಫ್‌ಸೆಟ್ −15 ಇರುವ ಡಿಸ್ಕ್ ತಂದರೆ ಒಳ ಅಂಚು ಮತ್ತೆ 102.5ಕ್ಕೇ ಬರುತ್ತದೆ. ಆದರೆ ಹೊರ ಅಂಚು ಮೊದಲಿಗಿಂತ 40 ಮಿ.ಮೀ. ಹೊರಗೆ ಬಂದು ನಿಲ್ಲುತ್ತದೆ. ಹೊರಗೆ ಬಂದ ಟೈರು ತಿರುಗುವಾಗ ದೊಡ್ಡ ಕಮಾನು ಹೊಡೆಯುತ್ತದೆ, ಆಗ ಮುಂದಿನ ಬಂಪರಿನ ಹಿಂದಿನ ಮೂಲೆಗೆ ತಾಗುತ್ತದೆ. ಒಳಗೆ ಉಳಿಸಿದ್ದನ್ನು ಹೊರಗೆ ಕೊಡಬೇಕು, ಬೇರೆ ದಾರಿ ಇಲ್ಲ. ನಮ್ಮ ಸಲಹೆ: 6 ಅಥವಾ 6.5 ಇಂಚು ಅಗಲ, ಆಫ್‌ಸೆಟ್ 0ಯಿಂದ −10ರ ಒಳಗೆ. ಉಳಿದ ಉಜ್ಜಾಟಕ್ಕೆ ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ಮೇಲಿನ ಸ್ಟೇರಿಂಗ್ ಸ್ಟಾಪರ್ ಬೋಲ್ಟಿಗೆ ಒಂದೆರಡು ವಾಷರ್ ಸೇರಿಸಿ. ಯು-ಟರ್ನ್‌ಗೆ ಸ್ವಲ್ಪ ಹೆಚ್ಚು ಜಾಗ ಬೇಕಾಗುತ್ತದೆ, ಅಷ್ಟೇ.

ಡಿಸ್ಕ್ ಕೊಳ್ಳುವಾಗ ಪಿಸಿಡಿ (ನಟ್ಟಿನ ತೂತುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ) 5x139.7, ನಟ್ಟು ಎಂ12x1.25 ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಡುವಿನ ತೂತು ಸುಮಾರು 108 ಮಿ.ಮೀ., ಹಬ್ಬಿನ ಮೇಲೆ ಅಲುಗಾಡದೆ ಕೂರಬೇಕು. ಹೊಸ ಡಿಸ್ಕಿನ ನಟ್ ಸೀಟು ಶಂಕುವಿನಂತೆ ಓರೆಯಾಗಿದೆಯೋ ಗುಂಡಗಿದೆಯೋ ನೋಡಿ, ಅದಕ್ಕೆ ಹೊಂದುವ ನಟ್ಟನ್ನೇ ಹಾಕಿ. ಓರೆ ಸೀಟಿಗೆ ಗುಂಡು ನಟ್ಟು ಹಾಕಿದರೆ ಎಷ್ಟು ಬಿಗಿದರೂ ಸಡಿಲಾಗುತ್ತದೆ.

ಟೈರು ಹಾಕಿದ ಮೇಲೆ, ದುಡ್ಡು ಕೊಡುವ ಮುಂಚೆ ಪರೀಕ್ಷೆ ಮಾಡಿ. ಮುಂದಿನ ಎಡ ಚಕ್ರವನ್ನೂ ಹಿಂದಿನ ಬಲ ಚಕ್ರವನ್ನೂ ಗಟ್ಟಿ ದಿಮ್ಮಿಗಳ ಮೇಲೆ ಹತ್ತಿಸಿ, ಆ ಮೂಲೆಯ ಸ್ಪ್ರಿಂಗ್ ಪೂರ್ತಿ ಕುಸಿಯಲಿ. ಮಡ್‌ಗಾರ್ಡ್ ಒಳಗೆ, ಬಂಪರ್ ಮೂಲೆಯಲ್ಲಿ, ರೇಡಿಯಸ್ ಆರ್ಮ್ ಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆ ಅಂಟಿಸಿ. ಸ್ಟೇರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ತಿರುಗಿಸಿ. ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳಿಯಿತೋ ಉಳಿದ ಜಾಗ ಅಷ್ಟೇ. ಕಲ್ಲು, ಕೆಸರು ಅಂಟಿದ ಟೈರಿಗೆ ಕನಿಷ್ಠ ಒಂದು ಬೆರಳು ದಪ್ಪದಷ್ಟು ಜಾಗ ಬೇಕು. ಆಮೇಲೆ ಇನ್ನೊಂದು ಮೂಲೆಗೂ ಇದನ್ನೇ ಮಾಡಿ. ತಾಗುವುದು ಪ್ಲಾಸ್ಟಿಕ್ಕಾದರೆ ಕತ್ತರಿಸಿ. ಬ್ರೇಕ್ ಹೋಸ್ ಅಥವಾ ಎಬಿಎಸ್ ವೈರ್ ಆದರೆ ಕೆಲಸ ಅಲ್ಲಿಗೇ ನಿಲ್ಲಿಸಿ.

ಇಷ್ಟೆಲ್ಲ ಬೇಡ ಅನ್ನಿಸಿದರೆ 215/75 ಆರ್15 ಹಾಕಿಸಿಕೊಳ್ಳಿ. ಹಳೇ ಡಿಸ್ಕಿಗೇ ಕೂರುತ್ತದೆ, ವ್ಯಾಸ 703.5 ಮಿ.ಮೀ., ಕತ್ತರಿ ಹಿಡಿಯುವ ಕೆಲಸ ಹೆಚ್ಚುಕಡಿಮೆ ಇಲ್ಲ. ಮಳೆಗಾಲದ ತೋಟದ ರಸ್ತೆಗೆ ಆಲ್-ಟೆರೇನ್ ಮಾದರಿಯ ಈ ಅಳತೆಯೇ ಹೆಚ್ಚಿನವರಿಗೆ ಸಾಕು.

ಪ್ರಶ್ನೆ: ಲಿಫ್ಟ್ ಮಾಡಿ ದೊಡ್ಡ ಟೈರು ಹಾಕಿದ ಮೇಲೆ ನನ್ನ ಜಿಮ್ನಿ 70ರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಸ್ಟೇರಿಂಗ್ ಎರಡೂ ಕಡೆ ಬಡಿದುಕೊಳ್ಳಲು ಶುರು. ಬ್ಯಾಲೆನ್ಸಿಂಗ್ ಎರಡು ಸಲ ಆಯಿತು.
– ಚಿಕ್ಕಮಗಳೂರು

ಉತ್ತರ: ಬ್ಯಾಲೆನ್ಸಿಂಗ್ ತಪ್ಪಿದ್ದರೆ ನಡುಕ ಒಂದು ವೇಗದಲ್ಲಿ ಬಂದು, ಮುಂದಿನ ವೇಗದಲ್ಲಿ ಹೋಗುತ್ತದೆ. ಗುಂಡಿ ಹಾರಿದಾಗ ಶುರುವಾಗಿ, ವೇಗ ತೀರಾ ಇಳಿಸುವವರೆಗೂ ನಿಲ್ಲದ ಬಡಿತ ಬೇರೆ ಕಾಯಿಲೆ. ಜಿಮ್ನಿಯ ಮುಂದಿನ ಆಕ್ಸಲ್ ಗಟ್ಟಿ ಕಂಬಿಯಂಥದ್ದು, ಅದನ್ನು ಎರಡು ರೇಡಿಯಸ್ ಆರ್ಮ್‌ಗಳು ಹಿಡಿದಿವೆ. ಗಾಡಿ ಎತ್ತಿದಾಗ ಆರ್ಮ್‌ಗಳು ಕೆಳಕ್ಕೆ ಬಾಗುತ್ತವೆ, ಜೊತೆಗೆ ಆಕ್ಸಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸೈಕಲ್ಲಿನ ಫೋರ್ಕ್ ಓರೆಯಾಗಿರುವುದರಿಂದ ಕೈ ಸಡಿಲ ಬಿಟ್ಟರೂ ನೆಟ್ಟಗೆ ಓಡುತ್ತದಲ್ಲ, ಆ ಓರೆಯೇ ಇಲ್ಲಿ ಕ್ಯಾಸ್ಟರ್. ಅದು ಕಳೆದುಹೋದರೆ ಚಕ್ರಕ್ಕೆ ತಾನಾಗಿ ನೇರಕ್ಕೆ ಬರುವ ಬುದ್ಧಿ ಇರುವುದಿಲ್ಲ.

ರೇಡಿಯಸ್ ಆರ್ಮ್‌ಗೆ ಕ್ಯಾಸ್ಟರ್ ಸರಿಪಡಿಸುವ ಬುಷ್ ಸಿಗುತ್ತದೆ. ಅದರ ತೂತು ನಡುವಿನಲ್ಲಿರದೆ ಒಂದು ಕಡೆಗಿರುತ್ತದೆ. ತೂತು ಯಾವ ಕಡೆಗೆ ಬರಬೇಕೆಂದು ಕಿಟ್‌ನ ಚಿತ್ರ ನೋಡಿಯೇ ಒತ್ತಿಸಿ. ತಿರುಗಮುರುಗ ಹಾಕಿದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ. ಅದೇ ದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಎರಡು ತುದಿಯ ಬುಷ್, ಟೈ ರಾಡ್ ಎಂಡ್, ಕಿಂಗ್‌ಪಿನ್ ಬೇರಿಂಗ್ ಇವನ್ನೂ ನೋಡಿಸಿ. ಒಬ್ಬರು ಕೂತು ಇಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎಡ-ಬಲ ಸಣ್ಣಗೆ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗಿನಿಂದ ಒಂದೊಂದು ಕೀಲಿನ ಮೇಲೆ ಬೆರಳಿಡಲಿ. ಎಲ್ಲಿ ‘ಟಕ್’ ಅನ್ನುತ್ತದೋ ಅಲ್ಲಿ ಸವೆದಿದೆ. ಲಿಫ್ಟ್ ಆದಾಗ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಒಂದು ಬದಿಗೂ ಎಳೆದಿರುತ್ತದೆ. ಎಡ ಟೈರು ಮಡ್‌ಗಾರ್ಡಿನಿಂದ ಎಷ್ಟು ಹೊರಗಿದೆ, ಬಲ ಎಷ್ಟು ಎಂದು ಟೇಪ್ ಹಿಡಿದರೆ ಗೊತ್ತಾಗುತ್ತದೆ. ವ್ಯತ್ಯಾಸ ಕಂಡರೆ ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಿ.

ಸ್ಟೇರಿಂಗ್ ಡ್ಯಾಂಪರ್ ಬದಲಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ನೋವಿಗೆ ಮಾತ್ರೆ ನುಂಗಿದಂತೆ ಅದು, ನಾಲ್ಕು ತಿಂಗಳಲ್ಲಿ ಮತ್ತೆ ಬಂದೇ ಬರುತ್ತದೆ.

ಪ್ರಶ್ನೆ: ಟೈರು ಒಳಗೆ ಉಜ್ಜುತ್ತದೆ. ಡಿಸ್ಕ್ ಬದಲಿಸುವ ಬದಲು ವೀಲ್ ಸ್ಪೇಸರ್ ಹಾಕಿದರೆ?
– ಶಿರಸಿ

ಉತ್ತರ: ಬರೀ ತೂತಿರುವ ತಟ್ಟೆಯನ್ನು ಡಿಸ್ಕ್ ಹಿಂದೆ ತೂರಿಸಿ ಹಳೇ ಸ್ಟಡ್ಡಿಗೇ ನಟ್ಟು ಬಿಗಿಯುವ ಬಗೆಯದು ಬೇಡವೇ ಬೇಡ. ನಟ್ಟಿಗೆ ಸಿಗುವ ಮರೆ (ಥ್ರೆಡ್) ಕಡಿಮೆಯಾಗಿ ಸ್ಟಡ್ ಮುರಿಯುತ್ತದೆ. ತನ್ನದೇ ಸ್ಟಡ್ ಇರುವ, ಹಬ್ಬಿನ ಮೇಲೆ ಬಿಗಿಯಾಗಿ ಕೂರುವ, ಫೋರ್ಜ್ ಮಾಡಿದ ಸ್ಪೇಸರ್ ಆದರೆ ಒಪ್ಪಬಹುದು. ಅದಕ್ಕೂ ಒಂದು ಕೆಲಸವಿದೆ: 100 ಕಿ.ಮೀ. ಓಡಿಸಿ, ಚಕ್ರ ಬಿಚ್ಚಿ, ಒಳಗಿನ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕು. ಚಕ್ರದ ಹಿಂದೆ ಅಡಗಿರುವ ನಟ್ಟು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಮರೆತುಹೋಗುತ್ತದೆ. ದುಡ್ಡಿದ್ದರೆ ಸರಿಯಾದ ಆಫ್‌ಸೆಟ್‌ನ ಡಿಸ್ಕೇ ಮೇಲು.

ಪ್ರಶ್ನೆ: 2021ರ ಥಾರ್, 18 ಇಂಚಿನ ಅಲಾಯ್. 33 ಇಂಚಿನ ಟೈರು ಹಾಕುವ ಆಸೆ. ಮುಂದೆ ಸ್ಪೇಸರ್ ಇಟ್ಟು ಎತ್ತಿಸಿದರೆ ಸಾಕಲ್ಲವೇ?
– ಬೆಂಗಳೂರು

ಉತ್ತರ: ನಿಮ್ಮದು 255/65 ಆರ್18, ವ್ಯಾಸ 789 ಮಿ.ಮೀ., ಅಂದರೆ 31 ಇಂಚು ಈಗಾಗಲೇ ಇದೆ. 33 ಎಂದು ಮಾರುವ 285/70 ಆರ್17 ನಿಜಕ್ಕೂ 831 ಮಿ.ಮೀ., 32.7 ಇಂಚು. ವ್ಯತ್ಯಾಸ ಸಣ್ಣದೆನ್ನಿಸುತ್ತದೆ, ಆದರೆ ಟೈರು 30 ಮಿ.ಮೀ. ಅಗಲ, ಬಂಪರ್ ಕಡೆಗೆ 21 ಮಿ.ಮೀ. ಹತ್ತಿರ. ಇದರಲ್ಲಿ ನಿಜವಾದ ಲಾಭ ಟೈರಿನ ಪಕ್ಕೆಯ ಎತ್ತರ: 166 ಮಿ.ಮೀ. ಇದ್ದದ್ದು 200 ಆಗುತ್ತದೆ. ಗಾಳಿ ಇಳಿಸಿದಾಗ ಕಲ್ಲನ್ನು ನುಂಗುವುದು ಆ ಪಕ್ಕೆಯೇ. 18ರ ಮೇಲೇ ದೊಡ್ಡ ಟೈರು ಹಾಕುವುದಕ್ಕಿಂತ 17ಕ್ಕೆ ಇಳಿದು ಹಾಕುವುದು ಜಾಣತನ. ಕೊಳ್ಳುವ ಮುಂಚೆ ಡಿಸ್ಕನ್ನು ಬರಿದೇ ಹಾಕಿ ತಿರುಗಿಸಿ, ಕ್ಯಾಲಿಪರ್‌ಗೆ ತಾಗುತ್ತದೆಯೇ ನೋಡಿ.

ಲಿಫ್ಟ್ ವಿಷಯಕ್ಕೆ ಬಂದರೆ ಜಿಮ್ನಿಯ ಲೆಕ್ಕ ಥಾರಿಗೆ ಹೊಂದುವುದಿಲ್ಲ. ಹಿಂದೆ ಗಟ್ಟಿ ಆಕ್ಸಲ್ ಇದ್ದರೂ ಮುಂದಿನದು ಡಬಲ್ ವಿಶ್‌ಬೋನ್, ಎರಡು ಚಕ್ರವೂ ಬೇರೆ ಬೇರೆ. ಸ್ಪ್ರಿಂಗ್ ಆರ್ಮಿನ ನಡುವೆಲ್ಲೋ ಕೂತಿರುವುದರಿಂದ ಮೇಲಿಟ್ಟ ಸ್ಪೇಸರಿನ ದಪ್ಪಕ್ಕಿಂತ ಚಕ್ರದ ಬಳಿ ಎತ್ತರ ಹೆಚ್ಚು ಸಿಗುತ್ತದೆ. ಎತ್ತರ ಜಾಸ್ತಿಯಾದಷ್ಟೂ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ (ಬಾಗಿದಾಗಲೂ ಚಕ್ರ ತಿರುಗಿಸುವ ಕೀಲು) ಓರೆಯಾಗುತ್ತದೆ. ಓರೆಯಾದ ಜಾಯಿಂಟಿನ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸ್ ಚೆಲ್ಲುತ್ತದೆ, ಮಣ್ಣು ಒಳಗೆ ಸೇರುತ್ತದೆ. ಸ್ಟೇರಿಂಗ್ ತಿರುಗಿಸಿ ನಿಧಾನಕ್ಕೆ ಹೊರಟಾಗ ‘ಟಕಟಕಟಕ’ ಸದ್ದು ಕೇಳಿದರೆ ಜಾಯಿಂಟ್ ಹೋಯಿತೆಂದೇ ಲೆಕ್ಕ. ಮುಂದೆ ಎತ್ತುವುದನ್ನು ಒಂದೂವರೆ ಇಂಚಿಗೆ ನಿಲ್ಲಿಸಿ, ಉಳಿದ ಜಾಗವನ್ನು ಬಂಪರ್ ಮೂಲೆ ಮತ್ತು ಒಳ ಲೈನರ್ ಕತ್ತರಿಸಿ ಪಡೆಯಿರಿ. ಅದಕ್ಕಿಂತ ಮೇಲೆ ಬೇಕೇ ಬೇಕೆಂದರೆ ಬೇರೆ ಅಪ್ಪರ್ ಆರ್ಮ್, ಡಿಫರೆನ್ಷಿಯಲ್ ಇಳಿಸುವ ಬ್ರಾಕೆಟ್, ಉದ್ದದ ಶಾಕ್ ಎಲ್ಲ ಸೇರಿದ ಪೂರ್ಣ ಕಿಟ್ ಬೇಕು. ಬರೀ ಸ್ಪೇಸರಿನಿಂದ ಆಗುವ ಕೆಲಸ ಅದಲ್ಲ.

ಪ್ರಶ್ನೆ: ಹಳೇ ಜಿಪ್ಸಿ ಕಿಂಗ್ ಇದೆ. ಶ್ಯಾಕಲ್ (ಬ್ಲೇಡಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಉದ್ದ ಮಾಡಿಸಿ ಎತ್ತಿಸಲೇ, ಇಲ್ಲಾ ಬ್ಲೇಡ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗನ್ನು) ಆಕ್ಸಲ್ ಮೇಲೆ ಕೂರಿಸಲೇ?
– ಮಡಿಕೇರಿ

ಉತ್ತರ: ಟೈರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ 205/70 ಆರ್15 ವ್ಯಾಸ 668 ಮಿ.ಮೀ. 215/75 ಆರ್15 ಹಾಕುವುದಾದರೆ ಬ್ಲೇಡ್ ಕೂತುಹೋಗಿದೆಯೇ ನೋಡಿ. ಇಷ್ಟು ವರ್ಷದ ಜಿಪ್ಸಿಯಲ್ಲಿ ಕೂತಿರುತ್ತದೆ. ಹೊಸ ಬ್ಲೇಡ್ ಸೆಟ್, ಬುಷ್, ಯು ಬೋಲ್ಟ್ ಹಾಕಿದರೆ ಕಳೆದುಹೋದ ಎತ್ತರವೇ ವಾಪಸ್ ಬಂದು ಕೆಲಸ ಮುಗಿಯುತ್ತದೆ. ಹಳೇ ಯು ಬೋಲ್ಟನ್ನು ಮತ್ತೆ ಬಳಸಬೇಡಿ, ಒಮ್ಮೆ ಹಿಗ್ಗಿದ್ದು ಬಿಗಿ ಹಿಡಿಯುವುದಿಲ್ಲ.

ಉದ್ದ ಶ್ಯಾಕಲ್ ಅಗ್ಗದ ದಾರಿ, ಆದರೆ 50 ಮಿ.ಮೀ. ಉದ್ದ ಮಾಡಿದರೆ ಎತ್ತರ ಸಿಗುವುದು 25 ಮಾತ್ರ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಬ್ಲೇಡಿನ ಮುಂತುದಿಗಿರುವುದರಿಂದ ಆ ತುದಿ ತಗ್ಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಮೇಲಿನ ಚಿಕ್ಕಮಗಳೂರಿನ ಗಾಡಿಗೆ ಆದದ್ದೇ ಇಲ್ಲಿಯೂ ಆಗುತ್ತದೆ. ಆಕ್ಸಲ್ ಮತ್ತು ಬ್ಲೇಡ್ ನಡುವೆ ಓರೆ ಬೆಣೆ ಇಟ್ಟು ಅದನ್ನು ಸರಿ ಮಾಡಬೇಕು.

ಆಕ್ಸಲ್ ಕೆಳಗಿರುವ ಬ್ಲೇಡನ್ನು ಮೇಲಕ್ಕೆ ಕೂರಿಸಿದರೆ ಒಂದೇ ಏಟಿಗೆ ಐದಾರು ಇಂಚು ಏರುತ್ತದೆ. ಅಷ್ಟು ಎತ್ತರ ತೋಟಕ್ಕೆ ಬೇಕಿಲ್ಲ. ಸ್ಟೇರಿಂಗ್ ಡ್ರ್ಯಾಗ್ ಲಿಂಕ್ ಬ್ಲೇಡಿಗೆ ತಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಜೋರಾಗಿ ಎಳೆಯುವಾಗ ಬ್ಲೇಡ್ ಎಸ್ ಆಕಾರಕ್ಕೆ ತಿರುಚಿ ಆಕ್ಸಲ್ ಕುಣಿಯುತ್ತದೆ. ಸ್ಪರ್ಧೆಗೆ ಓಡಿಸುವವರು ಮಾಡಿಸಿಕೊಳ್ಳಲಿ.

ಇನ್ನೊಂದು ಮಾತು: 235/75ಕ್ಕೆ ಹೋದರೆ ವ್ಯಾಸ ಸುಮಾರು ಶೇ. 10 ಹೆಚ್ಚುತ್ತದೆ. 1.3 ಲೀಟರಿನ ಆ ಇಂಜಿನ್‌ಗೆ ಎಲ್ಲ ಗೇರೂ ಶೇ. 10 ಭಾರವಾದಂತೆ. ಏರಿನಲ್ಲಿ ಮೂರನೆಯದು ಎಳೆಯುವುದಿಲ್ಲ, ಎರಡನೆಯದು ಕೂಗುತ್ತದೆ, ಕ್ಲಚ್ ಸುಡುತ್ತದೆ.

ಪ್ರಶ್ನೆ: 235/75 ಹಾಕಿದ ಮೇಲೆ ಜಿಮ್ನಿಯ ಮೈಲೇಜ್ 15ರಿಂದ 13ಕ್ಕೆ ಬಿತ್ತು. ಇಷ್ಟೊಂದಾ?
– ಹಾಸನ

ಉತ್ತರ: ಬಿದ್ದದ್ದು ಎರಡಲ್ಲ, ಒಂದೂಕಾಲು. ಟೈರು ಒಂದು ಸುತ್ತಿಗೆ ಮೊದಲಿಗಿಂತ ಶೇ. 5.8 ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ಮೀಟರ್ 100 ಕಿ.ಮೀ. ಎಂದರೆ ಓಡಿರುವುದು 105.8. ನಿಮ್ಮ 13ನ್ನು 1.058ರಿಂದ ಗುಣಿಸಿದರೆ 13.75. ಉಳಿದ ನಷ್ಟ ಟೈರಿನ ತೂಕದ್ದು, ಒರಟು ಹಲ್ಲಿನದು, ಎತ್ತರಿಸಿದ ಗಾಡಿ ಗಾಳಿಗೆ ಎದೆಯೊಡ್ಡುವುದರದ್ದು. ಇದೇ ಲೆಕ್ಕ ವೇಗಕ್ಕೂ ಇದೆ: ಮೊದಲು ಮುಳ್ಳು 80 ತೋರಿಸುವಾಗ ಇದ್ದ ವೇಗಕ್ಕಿಂತ ಈಗ ಸುಮಾರು 5 ಕಿ.ಮೀ. ಹೆಚ್ಚು ಇರುತ್ತದೆ. ಇಂಜಿನ್ ಆಯಿಲ್ ಬದಲಿಸುವುದನ್ನೂ ಮೀಟರಿನ 10,000ಕ್ಕೆ ಕಾಯದೆ 9,400ಕ್ಕೆ ಮಾಡಿಸಿ.

ಬ್ರೇಕ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಚಕ್ರ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಅದೇ ಪ್ಯಾಡಿಗೆ ಹೆಚ್ಚು ಬಲ ಬೇಕು. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ. ಗಾಡಿಯ ಮೂತಿ ಎತ್ತಿರುವುದರಿಂದ ಹೆಡ್‌ಲೈಟನ್ನೂ ಒಂದು ಸಂಜೆ ಗೋಡೆ ಮುಂದೆ ನಿಲ್ಲಿಸಿ ತಗ್ಗಿಸಿ.

ಪ್ರಶ್ನೆ: ಇದೆಲ್ಲ ಕಾನೂನಿಗೆ ಸರಿಯೇ?
– ತುಮಕೂರು

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದದ್ದಕ್ಕೂ ತಯಾರಕರು ನಿಗದಿ ಮಾಡಿದ್ದಕ್ಕೂ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ಲಿಫ್ಟ್ ಕಿಟ್ ಮತ್ತು ಮಡ್‌ಗಾರ್ಡಿನಿಂದ ಹೊರಚಾಚಿದ ಟೈರು ದೂರದಿಂದಲೇ ಕಣ್ಣಿಗೆ ಬೀಳುವ ಬದಲಾವಣೆಗಳು. ಕೆಲಸಕ್ಕೆ ಕೈಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರಹದಲ್ಲಿ ಕೇಳಿ. ಅಪಘಾತವಾದ ಮೇಲೆ ವಿಮೆಯವರು ಮೊದಲು ನೋಡುವುದು ಇಂಥದ್ದನ್ನೇ. ಟೈರಿನ ಲೋಡ್ ಇಂಡೆಕ್ಸ್ ಮಾತ್ರ ಯಾವ ಕಾರಣಕ್ಕೂ ಹಳೆಯದಕ್ಕಿಂತ ಕಡಿಮೆ ಇರಬಾರದು. ಜಿಮ್ನಿಗೆ ಅದು 96, ಒಂದು ಟೈರಿಗೆ 710 ಕೆಜಿ.

ಪ್ರಶ್ನೆ: ದೊಡ್ಡ ಟೈರಿಗೆ ಗಾಳಿ ಎಷ್ಟು ಪಾಯಿಂಟ್? ಕೆಸರಲ್ಲಿ ಎಷ್ಟು ಇಳಿಸಬಹುದು?
– ಸೋಮವಾರಪೇಟೆ

ಉತ್ತರ: ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದು ಹಳೇ ಅಳತೆಗೆ ಮಾತ್ರ. ಅದನ್ನು ಆರಂಭವಾಗಿ ಹಿಡಿದು ಸೀಮೆಸುಣ್ಣದ ಪರೀಕ್ಷೆ ಮಾಡಿ. ಟೈರಿನ ಹಲ್ಲಿನ ಮೇಲೆ ಅಡ್ಡಲಾಗಿ, ಅಂಚಿನಿಂದ ಅಂಚಿಗೆ ದಪ್ಪ ಗೆರೆ ಎಳೆದು, ಟಾರು ರಸ್ತೆಯಲ್ಲಿ ನೆಟ್ಟಗೆ ಐವತ್ತು ಮೀಟರ್ ಓಡಿಸಿ. ನಡುವಿನಲ್ಲಿ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಎರಡು ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಎರಡೆರಡು ಪಾಯಿಂಟ್ ಏರಿಸಿ ಇಳಿಸಿ, ಗೆರೆ ಒಂದೇ ಸಮ ಅಳಿಸುವವರೆಗೆ ನೋಡಿ. ಪಕ್ಕೆಯಲ್ಲಿ ಎಲ್‌ಟಿ ಎಂದು ಬರೆದಿರುವ ಗಟ್ಟಿ ಟೈರಿಗೆ ಸಾಮಾನ್ಯವಾಗಿ ಕೆಲವು ಪಾಯಿಂಟ್ ಹೆಚ್ಚೇ ಬೇಕಾಗುತ್ತದೆ.

ಕೆಸರಿಗೆ 18ರಿಂದ 20. ಬೀಡ್‌ಲಾಕ್ (ಟೈರಿನ ಅಂಚನ್ನು ಡಿಸ್ಕಿಗೆ ಬಿಗಿಹಿಡಿಯುವ ಬಳೆ) ಇಲ್ಲದ ಡಿಸ್ಕಿನಲ್ಲಿ 15ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರು ಡಿಸ್ಕಿನಿಂದ ಕಳಚುತ್ತದೆ. ಗಾಳಿ ಇಳಿಸಿದ ಗಾಡಿಯನ್ನು 30ಕ್ಕಿಂತ ವೇಗವಾಗಿ ಓಡಿಸಬೇಡಿ, ಟಾರು ಸಿಕ್ಕ ಕೂಡಲೇ ತುಂಬಿಸಿ. ಆದ್ದರಿಂದ ಗಾಡಿಯಲ್ಲೊಂದು ಬ್ಯಾಟರಿ ಪಂಪ್ ಇರಲಿ. ಅಗಲ ಟೈರು ಎಲ್ಲ ಕೆಸರಿಗೂ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ಮೇಲೆ ಒಂದು ಗೇಣು ಜಾರು ಮಣ್ಣು, ಕೆಳಗೆ ಗಟ್ಟಿ ಜಂಬಿಟ್ಟಿಗೆ ಇರುವ ನಿಮ್ಮ ಕಡೆಯ ರಸ್ತೆಯಲ್ಲಿ ಕಿರಿದಾದ ಟೈರು ಜಾರುಮಣ್ಣನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹಿಡಿಯುತ್ತದೆ, ಅಗಲದ್ದು ಮೇಲೇ ತೇಲುತ್ತದೆ.

ಪ್ರಶ್ನೆ: ನಾಲ್ಕು ಹೊಸ ಟೈರಿಗೇ ಜೇಬು ಖಾಲಿ. ಸ್ಟೆಪ್ನಿ ಹಳೆಯದೇ ಇರಲಿ ಅಂದುಕೊಂಡೆ.
– ದಾವಣಗೆರೆ

ಉತ್ತರ: ಊರೊಳಗೆ ಪಂಕ್ಚರ್ ಆದರೆ, ಟು ವೀಲ್‌ನಲ್ಲೇ ಇಟ್ಟು ನಿಧಾನವಾಗಿ ಅಂಗಡಿವರೆಗೆ ಹೋಗಬಹುದು. ಫೋರ್ ವೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಒಂದು ಚಕ್ರ (ಜಿಮ್ನಿಯಲ್ಲಿ 235/75ರ ಜೊತೆ ಹಳೇ ಟೈರು) ಶೇ. 5.5 ಚಿಕ್ಕದಿದ್ದರೆ ಗಟ್ಟಿ ನೆಲದಲ್ಲಿ ಅವೆರಡೂ ಒಂದನ್ನೊಂದು ತಿರುಚುತ್ತವೆ. ಲಿವರ್ ಸಿಕ್ಕಿಕೊಳ್ಳುತ್ತದೆ, ಟ್ರಾನ್ಸ್‌ಫರ್ ಕೇಸ್ (ಎರಡೂ ಶಾಫ್ಟಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಬಿಸಿಯಾಗುತ್ತದೆ. ಪಂಕ್ಚರ್ ಆಗುವುದು ಫೋರ್ ವೀಲ್ ಬೇಕಾದ ಜಾಗದಲ್ಲೇ ಅಲ್ಲವೇ? ಐದನೆಯದನ್ನೂ ತೆಗೆದುಕೊಳ್ಳಿ, ಹೊಸ ಅಳತೆಯ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಹಿಂಬಾಗಿಲಿಗೆ ನೇತುಹಾಕುವ ಗಾಡಿಯಾದರೆ ಹೊಸ ಸ್ಟೆಪ್ನಿ ಹಾಕಿದ ಮೇಲೆ ಬಾಗಿಲನ್ನು ಅರ್ಧ ತೆರೆದು ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಹಿಂಜಿನಲ್ಲಿ ಆಟ ಕಂಡರೆ ಬೋಲ್ಟ್ ಬಿಗಿಸಿ, ಬಾಗಿಲಿನ ರಬ್ಬರ್ ಸ್ಟಾಪರುಗಳನ್ನು ಒಂದೆರಡು ಸುತ್ತು ಹೊರಗೆ ತಿರುಗಿಸಿ. ಟೈರು ಬಂಪರಿಗೆ ಕೂತಿದೆಯೇ, ನಂಬರ್ ಪ್ಲೇಟ್ ಮುಚ್ಚಿದೆಯೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.